ಶಿಶುವಿನ ಹಿಂದಲೆಯ ಬೋಳಿಗೂ ಮುಂದಿನ ಬೊಕ್ಕತಲೆಗೂ ಸಂಬಂಧವಿದೆಯೇ?

ಪ್ರಶ್ನೆ: ನಮ್ಮ ಮಗನಿಗೆ ಈಗ ನಾಲ್ಕೂವರೆ ತಿಂಗಳು. ಹುಟ್ಟಿದಾಗ ತಲೆ ತುಂಬ ಕಪ್ಪು ಕೂದಲಿತ್ತು. ಎರಡು ತಿಂಗಳು ತುಂಬುವಷ್ಟರಲ್ಲಿ ಮುಂದಲೆಯ ಎರಡೂ ಬದಿ ತೆಳ್ಳಗಾಯಿತು. ಈಗ ಹಿಂದಲೆಯಲ್ಲಿ ಅಡ್ಡಲಾಗಿ ಒಂದು ಪಟ್ಟಿಯಷ್ಟು ಜಾಗ ಪೂರ್ತಿ ಬೋಳಾಗಿದೆ. ತಲೆಯಲ್ಲಿ ಎರಡು ಸುಳಿಗಳಿವೆ. ನಮ್ಮ ಯಜಮಾನರಿಗೆ 27ನೇ ವಯಸ್ಸಿನಲ್ಲೇ ಕೂದಲು ಉದುರಲು ಆರಂಭವಾಯಿತು. ನನ್ನ ತಂದೆಯವರದೂ ಬೊಕ್ಕತಲೆ. “ಹುಟ್ಟುಗೂದಲು ಹೀಗೆ ಉದುರಿದರೆ ಮುಂದೆ ಅಪ್ಪನ ತಲೆಯೇ ಬರುತ್ತದೆ, ಬೇಗ ಜವಳ ತೆಗೆಸಿ, ಆಮೇಲೆ ದಟ್ಟವಾಗಿ ಬರುತ್ತದೆ” ಎಂದು ಅತ್ತೆಯವರು ಹೇಳುತ್ತಿದ್ದಾರೆ. ಯಜಮಾನರು ಹಚ್ಚಿಕೊಳ್ಳುವ ಮಿನಾಕ್ಸಿಡಿಲ್ ದ್ರಾವಣವನ್ನೇ ಒಂದೆರಡು ಹನಿ ಮಗುವಿಗೂ ಹಚ್ಚಬಹುದೇ? ಈಗಿನ ಕೂದಲು ನೋಡಿ ಮುಂದಿನ ಬೋಳುತನವನ್ನು ಹೇಳಲು ಸಾಧ್ಯವೇ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅವುಗಳಲ್ಲಿ ಒಂದು ತುರ್ತಿನದು. ಮಿನಾಕ್ಸಿಡಿಲನ್ನು ಮಗುವಿಗೆ ಒಂದು ಹನಿಯೂ ಹಚ್ಚಬೇಡಿ. ಇನ್ನು ಈಗ ಉದುರಿರುವ ಕೂದಲನ್ನು ನೋಡಿ ಮಗ ದೊಡ್ಡವನಾದಾಗ ಅವನ ತಲೆ ಹೇಗಿರುತ್ತದೆ ಎಂದು ಹೇಳಲು ಬರುವುದಿಲ್ಲ. ನೀವು ವಿವರಿಸಿರುವ ರೀತಿಯಲ್ಲಿ ಕೂದಲು ಉದುರುವುದು ಆರೋಗ್ಯವಂತ ಶಿಶುಗಳಲ್ಲಿ ಸಹಜವಾಗಿ ನಡೆಯುವ ಕ್ರಿಯೆ, ಮತ್ತು ಅದರ ಕಾರಣಕ್ಕೂ ಗಂಡಸರ ಬೋಳುತನದ ಕಾರಣಕ್ಕೂ ಸಂಬಂಧವಿಲ್ಲ.

ಮಿನಾಕ್ಸಿಡಿಲ್ ವಿಷಯದಲ್ಲಿ ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಅದು ಮೂಲತಃ ತೀವ್ರ ರಕ್ತದೊತ್ತಡಕ್ಕೆ ಗುಳಿಗೆಯ ರೂಪದಲ್ಲಿ ಬಳಕೆಗೆ ಬಂದ ಔಷಧ. ಅದನ್ನು ಸೇವಿಸಿದ ರೋಗಿಗಳ ಮೈಮೇಲೆ ಕೂದಲು ಹೆಚ್ಚುವುದನ್ನು ಕಂಡ ಮೇಲೆಯೇ ತಲೆಗೆ ಹಚ್ಚುವ ದ್ರಾವಣ ತಯಾರಾಯಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಶಿಶುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಬಹಳ ಹೆಚ್ಚು. ಹಾಗಾಗಿ ಹಚ್ಚಿದ್ದರಲ್ಲಿ ಸ್ವಲ್ಪವೇ ರಕ್ತಕ್ಕೆ ಸೇರಿದರೂ ರಕ್ತದೊತ್ತಡ ಕುಸಿಯುವ, ಎದೆಬಡಿತ ಏರುವ ಅಪಾಯವಿರುತ್ತದೆ. ಸ್ಪೇನ್ ದೇಶದಲ್ಲಿ 2019ರಲ್ಲಿ ಹೊಟ್ಟೆಯ ಆಮ್ಲಕ್ಕೆ ಕೊಡುವ ಒಮೆಪ್ರಜೋಲ್ ಎಂದು ತಪ್ಪಾಗಿ ಮಿನಾಕ್ಸಿಡಿಲ್ ಪೂರೈಕೆಯಾಗಿ, ಆ ಔಷಧ ಕುಡಿದ ಹಲವು ಎಳೆಯ ಮಕ್ಕಳ ಹಣೆ, ಕೆನ್ನೆ, ಕೈಕಾಲುಗಳ ಮೇಲೆಲ್ಲ ಕೂದಲು ಬೆಳೆದಿತ್ತು.

ನಿಮ್ಮ ಮನೆಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ತಂದೆ ತಲೆಗೆ ಈ ದ್ರಾವಣ ಹಚ್ಚಿಕೊಳ್ಳುತ್ತಿದ್ದ ಕಾರಣಕ್ಕೇ ಶಿಶುವಿನ ಮೈಯಲ್ಲಿ ಅತಿಯಾಗಿ ಕೂದಲು ಬೆಳೆದ ಪ್ರಕರಣಗಳು ಯೂರೋಪಿನಲ್ಲಿ ವರದಿಯಾಗಿವೆ. ಅಂಥ ಸಂಪರ್ಕ ತಪ್ಪಿಸಿದ ಮೇಲೆ ಕೆಲವು ತಿಂಗಳಲ್ಲಿ ಆ ಕೂದಲು ಹೋಗಿದೆ. ಆದ್ದರಿಂದ ನಿಮ್ಮ ಯಜಮಾನರು ಔಷಧ ನಿಲ್ಲಿಸಬೇಕಾಗಿಲ್ಲ, ಆದರೆ ಹಚ್ಚಿದ ಕೂಡಲೇ ಕೈಯನ್ನು ಸೋಪಿನಿಂದ ತೊಳೆಯಬೇಕು. ತಲೆ ಪೂರ್ತಿ ಒಣಗುವವರೆಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಳ್ಳಬಾರದು, ಮತ್ತು ಅವರ ದಿಂಬಿನ ಮೇಲೆ ಮಗುವನ್ನು ಮಲಗಿಸಬಾರದು. ನಾಲ್ಕೈದು ತಿಂಗಳ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನದು. ಅಪ್ಪನ ಕೂದಲೂ ಅದಕ್ಕೆ ಸಿಕ್ಕೀತು. ಬಾಟಲಿ ಬೀಗ ಹಾಕುವ ಕಪಾಟಿನಲ್ಲಿರಲಿ.

ಈಗ ನಿಮ್ಮ ಮಗನ ತಲೆಯಲ್ಲಿ ಏನಾಗುತ್ತಿದೆ ಎಂಬುದಕ್ಕೆ ಬರೋಣ. ಕೂದಲಿನ ಕಥೆ ಶುರುವಾಗುವುದು ಹೆರಿಗೆಗಿಂತ ಬಹಳ ಮೊದಲು. ಗರ್ಭ ಮೂರನೇ ತಿಂಗಳಿಗೆ ಕಾಲಿಡುವ ಹೊತ್ತಿಗೆ ಹುಬ್ಬು, ಮೇಲ್ದುಟಿ ಮತ್ತು ಗಲ್ಲದ ಚರ್ಮದಲ್ಲಿ ಮೊದಲ ರೋಮಕೂಪಗಳು ಮೊಳೆಯುತ್ತವೆ. ಆಮೇಲೆ ತಲೆಯಲ್ಲಿ, ನಂತರ ಉಳಿದ ಮೈಯಲ್ಲಿ. ಸುಮಾರು 20ನೇ ವಾರದ ಆಸುಪಾಸಿಗೆ ಭ್ರೂಣದ ತಲೆಯ ಮೇಲೆ ಕೂದಲು ಕಾಣಿಸುತ್ತದೆ ಮತ್ತು ಮೈಮೇಲೆಲ್ಲ ಲಾನುಗೊ ಎಂಬ ನವಿರಾದ ರೋಮ ಹಬ್ಬುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಬೆನ್ನು, ಭುಜ, ಹಣೆಯ ಮೇಲೆ ಕಾಣುವುದು ಇದೇ ರೋಮ. ತುಂಬು ತಿಂಗಳಿಗೆ ಹುಟ್ಟುವ ಮಕ್ಕಳಲ್ಲಿ ಅದರ ಬಹುಭಾಗ ಗರ್ಭದಲ್ಲೇ ಉದುರಿಹೋಗಿರುತ್ತದೆ.

ಹುಟ್ಟುವ ವೇಳೆಗೆ ನಮ್ಮ ಮೈಯ ಎಲ್ಲ ರೋಮಕೂಪಗಳೂ ಸಿದ್ಧವಾಗಿರುತ್ತವೆ. ಇಡೀ ದೇಹದಲ್ಲಿ ಸುಮಾರು 50 ಲಕ್ಷ, ತಲೆಯಲ್ಲಿ ಸುಮಾರು ಒಂದು ಲಕ್ಷ. ಆಮೇಲೆ ಹೊಸದು ಹುಟ್ಟುವುದಿಲ್ಲ. ಇದನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ, ಏಕೆಂದರೆ ತಾಯಂದಿರ ಅರ್ಧ ಆತಂಕ ಇಲ್ಲಿಯೇ ಕರಗುತ್ತದೆ. ಕೂದಲು ಉದುರುವುದು ಎಂದರೆ ಕೂಪ ಸಾಯುವುದಲ್ಲ. ಕೂದಲಿನ ಎಳೆ ಬಿದ್ದುಹೋದರೂ ಅದನ್ನು ಹುಟ್ಟಿಸುವ ಬುಡ ಚರ್ಮದೊಳಗೆ ಜೀವಂತವಾಗಿ ವಿಶ್ರಾಂತಿಯಲ್ಲಿರುತ್ತದೆ.

ಪ್ರತಿಯೊಂದು ರೋಮಕೂಪಕ್ಕೂ ಒಂದು ಆವರ್ತನವಿದೆ. ವರ್ಷಗಟ್ಟಲೆ ಬೆಳೆಯುವ ಹಂತ, ಎರಡು ಮೂರು ವಾರಗಳ ಹಿಂಜರಿಯುವ ಹಂತ, ಸುಮಾರು ಮೂರು ತಿಂಗಳ ವಿಶ್ರಾಂತಿಯ ಹಂತ, ಕೊನೆಗೆ ಹಳೆಯ ಕೂದಲು ಉದುರಿ ಹೊಸದು ಮೊಳೆಯುವುದು. ದೊಡ್ಡವರಲ್ಲಿ ಒಂದೊಂದು ಕೂಪವೂ ತನ್ನದೇ ವೇಳಾಪಟ್ಟಿಯಲ್ಲಿ ನಡೆಯುತ್ತದೆ. ಯಾವುದೇ ದಿನ ನೋಡಿದರೂ ಶೇಕಡಾ 85–90ರಷ್ಟು ಕೂದಲು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ, ದಿನಕ್ಕೆ 50ರಿಂದ 100 ಉದುರಿದರೂ ತಲೆ ತುಂಬಿಕೊಂಡೇ ಕಾಣುತ್ತದೆ. ಶಿಶುವಿನಲ್ಲಿ ಈ ಹಂಚಿಕೆ ಇನ್ನೂ ಬಂದಿರುವುದಿಲ್ಲ. ಒಂದು ಪ್ರದೇಶದ ಕೂಪಗಳೆಲ್ಲ ಒಟ್ಟಿಗೇ ಬೆಳೆದು, ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಒಟ್ಟಿಗೇ ಕೂದಲು ಕಳಚುತ್ತವೆ.

ಈ ಅಲೆ ಮುಂದಿನಿಂದ ಹಿಂದಕ್ಕೆ ಸಾಗುತ್ತದೆ. ಮುಂದಲೆ ಮತ್ತು ನಡುನೆತ್ತಿಯ ಕೂದಲು ಗರ್ಭದ ಕೊನೆಯ ತಿಂಗಳುಗಳಲ್ಲೇ ವಿಶ್ರಾಂತಿ ಹಂತಕ್ಕೆ ಹೋಗಿ, ಹೆರಿಗೆಗೆ ಮುಂಚೆ ಅಥವಾ ಹುಟ್ಟಿದ ಕೆಲವೇ ವಾರಗಳಲ್ಲಿ ಉದುರುತ್ತದೆ. ಹಿಂದಲೆಯ ಕೂದಲು ಮಾತ್ರ ಹೆರಿಗೆಯ ಸಮಯದವರೆಗೂ ಬೆಳೆಯುತ್ತಲೇ ಇದ್ದು, ಆಗ ಒಮ್ಮೆಲೇ ವಿಶ್ರಾಂತಿಗೆ ಹೋಗುತ್ತದೆ. ಆ ವಿಶ್ರಾಂತಿ ಮುಗಿಯುವುದು ಎರಡು ಮೂರು ತಿಂಗಳ ಬಳಿಕ. ಆದ್ದರಿಂದಲೇ ಮೂರನೇ ತಿಂಗಳ ಸುಮಾರಿಗೆ ಹಿಂದಲೆ ಬೋಳಾಗುತ್ತದೆ. ನೀವು ಬರೆದ ಕ್ರಮವೂ ಇದೇ ತಾನೆ: ಮೊದಲು ಮುಂದಲೆಯ ಬದಿಗಳು, ಆಮೇಲೆ ಹಿಂದಲೆ. ಶಿಶುವೈದ್ಯರಿಗೂ ಚರ್ಮವೈದ್ಯರಿಗೂ ಬಹಳ ಪರಿಚಿತವಾದ ಕ್ರಮ ಇದು, ಹೆಣ್ಣುಮಕ್ಕಳಲ್ಲೂ ಹೀಗೆಯೇ ಆಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಸಾಮಾನ್ಯವಾಗಿ ಆ ಜಾಗ ತುಂಬಿಕೊಳ್ಳುತ್ತದೆ, ಮತ್ತು ಅಲ್ಲಿಂದ ಮುಂದೆ ಕೂಪಗಳು ನಿಧಾನವಾಗಿ ದೊಡ್ಡವರಂತೆ ತಮ್ಮ ತಮ್ಮ ವೇಳೆಗೆ ಹೊಂದಿಕೊಳ್ಳುತ್ತವೆ.

ಪ್ರಾಯಶಃ ಇದೇ ಸಮಯದಲ್ಲಿ ನಿಮ್ಮ ಕೂದಲೂ ಬಾಚಣಿಗೆ ತುಂಬ ಬರುತ್ತಿರಬಹುದು. ಗರ್ಭಿಣಿಯಾಗಿದ್ದಾಗ ಈಸ್ಟ್ರೋಜನ್ ಹಾರ್ಮೋನು ಹೆಚ್ಚು ಕೂದಲನ್ನು ಬೆಳೆಯುವ ಹಂತದಲ್ಲೇ ಹಿಡಿದಿಟ್ಟಿರುತ್ತದೆ. ಹೆರಿಗೆಯ ನಂತರ ಅದು ಇಳಿದಾಗ ಅವೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ ಎರಡು ಮೂರು ತಿಂಗಳಲ್ಲಿ ಉದುರುತ್ತವೆ. ಬಾಣಂತಿಯರಲ್ಲಿ ಇದು ತೀರ ಸಾಮಾನ್ಯ, ಒಂದು ವರ್ಷದೊಳಗೆ ಸರಿಹೋಗುತ್ತದೆ.

ಮಗುವನ್ನು ಬೆಳಕಿಗೆ ತಂದು ಹಿಂದಲೆಯನ್ನು ಹತ್ತಿರದಿಂದ ಒಮ್ಮೆ ನೋಡಿ. ಸಹಜವಾದ ಬೋಳಿನಲ್ಲಿ ಚರ್ಮ ನುಣ್ಣಗೆ, ಮಗುವಿನ ಉಳಿದ ಚರ್ಮದ ಬಣ್ಣದಲ್ಲೇ ಇರುತ್ತದೆ. ಕೆಂಪು, ಹೊಟ್ಟು, ಗಾಯದ ಕಲೆ ಇರುವುದಿಲ್ಲ. ಆಕಾರ ಸಾಮಾನ್ಯವಾಗಿ ಅಡ್ಡಲಾದ ಪಟ್ಟಿ ಅಥವಾ ಅಂಡಾಕಾರ. ಓರೆ ಬೆಳಕಿನಲ್ಲಿ ಗಮನಿಸಿದರೆ ತುದಿ ಮೊನಚಾದ, ನೂಲಿಗಿಂತ ಸಣ್ಣಗಿನ ಹೊಸ ಎಳೆಗಳು ಕಾಣಿಸತೊಡಗಿರಬಹುದು. ಅವುಗಳ ಜೊತೆಗೆ ಬುಡದಲ್ಲಿ ತುಂಡಾದ, ಒಂದೊಂದು ಒಂದೊಂದು ಉದ್ದದ ಮೋಟುಗೂದಲೂ ಇದ್ದರೆ, ತಲೆಯನ್ನು ಹಾಸಿಗೆಗೆ ಉಜ್ಜಿಕೊಂಡದ್ದರ ಪಾಲೂ ಸ್ವಲ್ಪ ಇದೆ ಎಂದು ತಿಳಿಯಬಹುದು. ಹಿಂದೆ ಈ ಬೋಳಿಗೆಲ್ಲ ಉಜ್ಜಾಟವೇ ಕಾರಣವೆಂದು ವೈದ್ಯರೂ ಹೇಳುತ್ತಿದ್ದರು. ಮುಖ್ಯ ಕಾರಣ ಕೂದಲಿನ ಆವರ್ತನವೇ, ಉಜ್ಜಾಟ ಅದಕ್ಕೆ ಜೊತೆಗೂಡಬಹುದಷ್ಟೇ ಎಂಬುದು ಈಗಿನ ತಿಳಿವಳಿಕೆ. ಹೇಗೂ ಉದುರಲು ಸಿದ್ಧವಾಗಿದ್ದ ಕೂದಲನ್ನು ಹಾಸಿಗೆ ಬೇಗ ಕಳಚಿಸುತ್ತದೆ.

ಈ ಮಾತು ಕೇಳಿ ಕೆಲವರು ಮಗುವನ್ನು ಬೋರಲು ಮಲಗಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿದ್ದೆಯಲ್ಲಿ ಶಿಶು ಅಂಗಾತ ಮಲಗಬೇಕು ಎಂಬ ನಿಯಮ ಶಿಶುಗಳ ಹಠಾತ್ ಮರಣವನ್ನು ಬಹಳಷ್ಟು ತಗ್ಗಿಸಿದೆ; ಕೂದಲಿಗಾಗಿ ಅದನ್ನು ಬಿಡುವುದು ಸಲ್ಲದು. ಎಚ್ಚರವಾಗಿರುವಾಗ, ನೀವು ಎದುರಿಗೇ ಕುಳಿತಿರುವಾಗ, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿ. ಅದರಿಂದ ಕತ್ತು ಗಟ್ಟಿಯಾಗುತ್ತದೆ, ತಲೆಯ ಹಿಂಭಾಗ ಚಪ್ಪಟೆಯಾಗುವುದೂ ತಪ್ಪುತ್ತದೆ.

ಇನ್ನು ಗಂಡಸರ ಬೋಳುತನದ ಮಾತು. ಅದು ನಡೆಯಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು: ಪುರುಷ ಹಾರ್ಮೋನು ಮತ್ತು ಅದಕ್ಕೆ ಸೂಕ್ಷ್ಮವಾಗಿ ಸ್ಪಂದಿಸುವ ರೋಮಕೂಪ. ಇದನ್ನು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಅಂಗರಚನಾ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್. ಪ್ರೌಢಾವಸ್ಥೆಗೆ ಮುಂಚೆಯೇ ವೃಷಣಗಳನ್ನು ಕಳೆದುಕೊಂಡ ಗಂಡಸರಲ್ಲಿ ಬೋಳುತನ ಬರುವುದಿಲ್ಲವೆಂದೂ, ಅಂಥವರಿಗೆ ಟೆಸ್ಟೊಸ್ಟಿರೋನ್ ಕೊಟ್ಟಾಗ ಮನೆತನದಲ್ಲಿ ಬೋಳುತನ ಇದ್ದವರಲ್ಲಿ ಕೂದಲು ಹಿಂದೆ ಸರಿಯುತ್ತದೆಂದೂ ಅವರು 1942ರಲ್ಲಿ ಪ್ರಕಟಿಸಿದರು. ಹಾರ್ಮೋನಿಲ್ಲದೆ ಮನೆತನದ ಗುಣವೊಂದೇ ಏನೂ ಮಾಡದು. ಮನೆತನದ ಗುಣವಿಲ್ಲದೆ ಹಾರ್ಮೋನೊಂದೇ ಹೆಚ್ಚೇನೂ ಮಾಡದು.

ಚರ್ಮದಲ್ಲಿ ಒಂದು ಕಿಣ್ವ ಟೆಸ್ಟೊಸ್ಟಿರೋನನ್ನು ಇನ್ನೂ ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟಿರೋನ್ ಆಗಿ ಮಾರ್ಪಡಿಸುತ್ತದೆ. ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಆ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿರುವುದನ್ನು 1974ರಲ್ಲಿ ವರದಿ ಮಾಡಿದಾಗ, ಆ ಕುಟುಂಬಗಳ ಬಾಧಿತ ಗಂಡಸರಲ್ಲಿ ಮುಂದಲೆಯ ಕೂದಲು ಹಿಂದೆ ಸರಿಯುವುದಿಲ್ಲ ಎಂಬುದೂ ಗಮನಕ್ಕೆ ಬಂತು. ಈ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಗುಳಿಗೆ ಬೋಳುತನದ ಚಿಕಿತ್ಸೆಗೆ ಬಂದದ್ದು 1997ರಲ್ಲಿ. ಸೂಕ್ಷ್ಮವಾದ ಕೂಪಗಳು ಈ ಹಾರ್ಮೋನಿನ ಪ್ರಭಾವದಲ್ಲಿ ಒಂದೊಂದು ಆವರ್ತನಕ್ಕೂ ಕುಗ್ಗುತ್ತಾ, ಬೆಳೆಯುವ ಹಂತ ಮೊಟಕಾಗುತ್ತಾ, ದಪ್ಪ ಕೂದಲಿನ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ರೋಮವನ್ನು ಹುಟ್ಟಿಸತೊಡಗುತ್ತವೆ. ಇದಕ್ಕೆ ವರ್ಷಗಳು ಹಿಡಿಯುತ್ತವೆ. ನಿಮ್ಮ ಮಗನ ತಲೆಯಲ್ಲಿ ಕೂಪಗಳು ಕುಗ್ಗುತ್ತಿಲ್ಲ. ಇನ್ನು ಕೆಲವು ತಿಂಗಳಲ್ಲಿ ಅವು ಈಗ ಉದುರಿದ್ದಕ್ಕಿಂತ ದಪ್ಪ ಎಳೆಯನ್ನೇ ಹುಟ್ಟಿಸುತ್ತವೆ.

ಬೋಳಾಗುವ ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ವ್ಯತ್ಯಾಸ ಕಾಣುತ್ತದೆ. ಗಂಡಸರಲ್ಲಿ ಹಣೆಯ ಎರಡು ಮೂಲೆಗಳು ಹಿಂದೆ ಸರಿಯುತ್ತವೆ, ಸುಳಿಯ ಸುತ್ತ ತೆಳುವಾಗುತ್ತದೆ, ಎರಡೂ ಕೂಡಿಕೊಳ್ಳುತ್ತವೆ. ಕೊನೆಗೆ ಕಿವಿಯಿಂದ ಕಿವಿಗೆ ಹಿಂದಲೆಯ ಪಟ್ಟಿಯೊಂದು ಉಳಿಯುತ್ತದೆ. ಅಂದರೆ ಶಿಶುವಿನಲ್ಲಿ ಪೂರ್ತಿ ಬೋಳಾಗುವ ಹಿಂದಲೆಯೇ ಗಂಡಸರಲ್ಲಿ ಕೊನೆಯವರೆಗೂ ಉಳಿಯುವ ಜಾಗ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ಅಲ್ಲಿಯ ಕೂದಲನ್ನು ಬುಡಸಮೇತ ತೆಗೆದು ಮುಂದಲೆಯಲ್ಲಿ ನೆಟ್ಟಾಗ, ಅದು ಹೊಸ ಜಾಗದಲ್ಲೂ ತನ್ನ ಹಿಂದಲೆಯ ಗುಣವನ್ನೇ ಉಳಿಸಿಕೊಂಡು ಬೆಳೆಯಿತು. 1959ರಲ್ಲಿ ಅವರು ಪ್ರಕಟಿಸಿದ ಈ ಸಂಗತಿಯ ಮೇಲೆಯೇ ಇಂದಿನ ಕೂದಲು ಕಸಿ ನಿಂತಿದೆ. ನಿಮ್ಮ ಅತ್ತೆಯವರನ್ನು ಹೆಚ್ಚು ಚಿಂತೆಗೀಡುಮಾಡಿರುವ ಜಾಗವೇ ಬೋಳುತನಕ್ಕೆ ಎಲ್ಲಕ್ಕಿಂತ ಕಡಿಮೆ ಒಳಗಾಗುವ ಜಾಗ.

ಶಿಶುವಿನ ಹಣೆಯ ಬದಿಗಳು ತೆಳುವಾದಾಗ ಮಾತ್ರ ನೋಟಕ್ಕೆ ಅಪ್ಪನ ಹೋಲಿಕೆ ಇರುವುದು ನಿಜ, ಮತ್ತು ಮನೆಯವರು ಮೋಸಹೋಗುವುದು ಅಲ್ಲಿಯೇ. ಗಂಡುಶಿಶುಗಳ ರಕ್ತದಲ್ಲಿ ಒಂದರಿಂದ ಮೂರು ತಿಂಗಳ ಅವಧಿಯಲ್ಲಿ ಟೆಸ್ಟೊಸ್ಟಿರೋನ್ ಸ್ವಲ್ಪಕಾಲ ಏರಿ, ಆರು ತಿಂಗಳ ಹೊತ್ತಿಗೆ ಇಳಿದುಬಿಡುತ್ತದೆ ಎಂಬುದನ್ನು ಓದಿ ತಿಳಿದ ಕೆಲವು ಪೋಷಕರು, ಕೂದಲು ಉದುರುವುದಕ್ಕೆ ಅದೇ ಕಾರಣವಿರಬಹುದೇ ಎಂದು ಕೇಳುತ್ತಾರೆ. ಕಾರಣ ಅದಲ್ಲ. ಮುಂದಲೆಯ ಕೂದಲು ಈ ಏರಿಕೆಗೆ ಮುಂಚೆ, ಗರ್ಭದಲ್ಲೇ, ವಿಶ್ರಾಂತಿಗೆ ಹೋಗಿರುತ್ತದೆ. ಹಾರ್ಮೋನಿನ ಆ ಏರಿಕೆಯಿಲ್ಲದ ಹೆಣ್ಣುಶಿಶುಗಳಲ್ಲೂ ಕೂದಲು ಅದೇ ಕ್ರಮದಲ್ಲೇ ಉದುರುತ್ತದೆ.

ಹಾಗಿದ್ದರೆ ಮಗನಿಗೆ ಮುಂದೆ ಬೋಳುತನ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರಬಹುದು. ಆ ಸಾಧ್ಯತೆಯನ್ನು ತೂಗಬೇಕಾದದ್ದು ನಿಮ್ಮ ಎರಡೂ ಮನೆತನಗಳಿಂದ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಗಂಡಸರ ನಡುವೆ ಬೋಳುತನದಲ್ಲಿ ಕಾಣುವ ವ್ಯತ್ಯಾಸದ ಶೇಕಡಾ 80ರಷ್ಟಕ್ಕೆ ವಂಶವಾಹಿಗಳು ಕಾರಣ. ಇದು ಒಂದು ಜನಸಮೂಹದೊಳಗಿನ ವ್ಯತ್ಯಾಸದ ಅಳತೆ; ನಿಮ್ಮ ಮಗನಿಗೆ ಬೋಳುತನ ಬರುವ ಸಾಧ್ಯತೆ ಶೇಕಡಾ 80 ಎಂದು ಇದನ್ನು ಓದಿಕೊಳ್ಳಬಾರದು.

ನಮ್ಮಲ್ಲಿ ‘ಸೋದರಮಾವನ ತಲೆ ನೋಡು’, ‘ತಾಯಿಯ ತಂದೆಯ ತಲೆ ನೋಡು’ ಎಂಬ ಮಾತು ರೂಢಿಯಲ್ಲಿದೆ, ಅದರಲ್ಲಿ ಅರ್ಧ ಸತ್ಯವಿದೆ. ಪುರುಷ ಹಾರ್ಮೋನನ್ನು ಹಿಡಿಯುವ ಗ್ರಾಹಿಯ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ, ಮತ್ತು ಬೋಳುತನಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ ಒಂಟಿಯಾಗಿ ಅತಿ ಹೆಚ್ಚು ತೂಕದ್ದು ಅದೇ. ಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ನಿಮ್ಮ ಎರಡು ಎಕ್ಸ್‌ಗಳಲ್ಲಿ ಒಂದು ನಿಮ್ಮ ತಂದೆಯವರಿಂದ, ಇನ್ನೊಂದು ತಾಯಿಯವರಿಂದ ಬಂದಿರುವುದರಿಂದ, ಆ ಗ್ರಾಹಿಯ ವಿಷಯದಲ್ಲಿ ಮಗ ಅಜ್ಜನ ಪ್ರತಿಯನ್ನು ಪಡೆದಿರುವ ಸಾಧ್ಯತೆ ಅರ್ಧ, ಅಜ್ಜಿಯ ಪ್ರತಿಯನ್ನು ಪಡೆದಿರುವ ಸಾಧ್ಯತೆ ಇನ್ನರ್ಧ. ಆದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಬ್ರಿಟನ್ನಿನ 52 ಸಾವಿರಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೀವ್ರ ಬೋಳುತನಕ್ಕೆ ಸಂಬಂಧಿಸಿದ 287 ವಂಶವಾಹಿ ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಎಕ್ಸ್ ಮೇಲಿದ್ದವು 40 ಮಾತ್ರ. ಉಳಿದವು ತಂದೆ ತಾಯಿ ಇಬ್ಬರಿಂದಲೂ ಬರುವಂಥವು. ನಿಮ್ಮ ಯಜಮಾನರ ಪಾಲೂ ಇದೆ, ನಿಮ್ಮ ತಂದೆಯವರ ಪಾಲೂ ಇರಬಹುದು.

ಎರಡೂ ಕಡೆ ಬೋಳುತನ ಇರುವಾಗ ಮಗನಿಗೆ ಬರುವ ಸಾಧ್ಯತೆ, ಯಾವ ಕಡೆಯೂ ಇಲ್ಲದ ಮನೆಯ ಹುಡುಗನಿಗಿಂತ ಹೆಚ್ಚು ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳಬೇಕು. ಯಾವ ವಯಸ್ಸಿಗೆ, ಎಷ್ಟು ಎಂಬುದನ್ನು ವಂಶವಾಹಿ ಪರೀಕ್ಷೆಯೂ ಒಬ್ಬ ವ್ಯಕ್ತಿಯ ಮಟ್ಟಿಗೆ ಖಚಿತವಾಗಿ ಹೇಳಲಾರದು. ಒಂದೇ ತಂದೆ ತಾಯಿಯ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನ ತಲೆ 30ಕ್ಕೆ ಬೋಳಾಗಿ, ಇನ್ನೊಬ್ಬನದು 60ಕ್ಕೂ ತುಂಬಿರುವುದನ್ನು ನೀವೂ ನೋಡಿರುತ್ತೀರಿ. ಮಗುವಿಗೆ ಅಂಥ ಪರೀಕ್ಷೆ ಮಾಡಿಸುತ್ತೇವೆಂದು ಯಾರಾದರೂ ಮುಂದೆ ಬಂದರೆ ಹಣ ಕೊಡಬೇಡಿ. ಫಲಿತಾಂಶ ಏನೇ ಬಂದರೂ ಬಾಲ್ಯದಲ್ಲಿ ಮಾಡಬೇಕಾದ್ದು ಏನೂ ಇರುವುದಿಲ್ಲ.

ಸುಳಿಗಳ ವಿಷಯ. ಕೂದಲು ಚರ್ಮದಿಂದ ಹೊರಬರುವ ಓರೆ ಗರ್ಭದ ಮೂರು ನಾಲ್ಕನೇ ತಿಂಗಳಲ್ಲಿ, ಬೆಳೆಯುತ್ತಿರುವ ತಲೆಯ ಚರ್ಮದ ಹಿಗ್ಗುವಿಕೆಗೆ ತಕ್ಕಂತೆ ನಿಶ್ಚಯವಾಗುತ್ತದೆ. ಓರೆಗಳು ಸುತ್ತಿಕೊಂಡು ಒಂದೆಡೆ ಸೇರುವ ಜಾಗವೇ ಸುಳಿ. ಹೆಚ್ಚಿನವರಲ್ಲಿ ಅದು ಒಂದೇ, ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿರುತ್ತದೆ. ಎರಡು ಸುಳಿ ಕಡಿಮೆ ಜನರಲ್ಲಿ ಕಾಣಿಸುತ್ತದೆ, ಆದರೆ ಅದು ದೋಷವಲ್ಲ. ಎರಡು ಸುಳಿಯಿದ್ದವನಿಗೆ ಎರಡು ಮದುವೆ ಎಂಬ ನಂಬಿಕೆಗೆ ಹೇಗೆ ಆಧಾರವಿಲ್ಲವೋ, ಬೇಗ ಬೋಳಾಗುತ್ತಾನೆ ಎಂಬುದಕ್ಕೂ ಆಧಾರವಿಲ್ಲ. ಗಂಡಸರಲ್ಲಿ ಬೋಳುತನ ಸುಳಿಯ ಸುತ್ತ ಎದ್ದು ಕಾಣುವುದರಿಂದ ಈ ಎರಡನ್ನು ಜನ ಜೋಡಿಸಿರಬಹುದು. ಸುಳಿಯ ನಡುವೆ ಕೂದಲು ಎಲ್ಲ ದಿಕ್ಕಿಗೂ ಬಾಗುವುದರಿಂದ ಎಳೆಯ ಮಗುವಿನಲ್ಲೂ ಅಲ್ಲಿ ಚರ್ಮ ಸ್ವಲ್ಪ ಕಾಣುತ್ತದೆ. ಅದು ತೆಳುವಾಗಿರುವುದರ ಗುರುತಲ್ಲ.

ಹುಟ್ಟುವಾಗ ದಟ್ಟ ಕೂದಲಿತ್ತೇ, ಬರೀ ನವಿರಿತ್ತೇ, ಹಣೆ ಅಗಲವಾಗಿತ್ತೇ ಎಂಬವೂ ಹೀಗೆಯೇ. ಹುಟ್ಟುಗೂದಲಿನ ದಪ್ಪ, ಬಣ್ಣ, ಗುಂಗುರು ಯಾವುದೂ ಉಳಿಯುವಂಥದ್ದಲ್ಲ. ಮೊದಲ ಎರಡು ಮೂರು ವರ್ಷಗಳಲ್ಲಿ ಎಳೆಗಳು ಕ್ರಮೇಣ ದಪ್ಪವೂ ಕಪ್ಪೂ ಆಗುತ್ತವೆ. ಮಗುವಿನ ತಲೆಯ ಸುತ್ತಳತೆ ಹುಟ್ಟುವಾಗ ಸುಮಾರು 34 ಸೆಂಟಿಮೀಟರ್ ಇದ್ದದ್ದು ವರ್ಷ ತುಂಬುವಾಗ ಸುಮಾರು 45 ಆಗಿರುತ್ತದೆ. ಕೂಪಗಳ ಸಂಖ್ಯೆ ಅಷ್ಟೇ ಇದ್ದು ಜಾಗ ಮಾತ್ರ ಹಿಗ್ಗಿದಾಗ, ಕೂದಲು ಸ್ವಲ್ಪಕಾಲ ವಿರಳವಾಗಿ ಕಾಣುವುದು ಸಹಜ.

ಜವಳದ ಬಗ್ಗೆ ನಿಮ್ಮ ಅತ್ತೆಯವರ ಮಾತಿಗೆ ಗೌರವದಿಂದಲೇ ಉತ್ತರಿಸುತ್ತೇನೆ. ಹರಕೆಗಾಗಿ ತಿರುಪತಿಯಲ್ಲೋ ಧರ್ಮಸ್ಥಳದಲ್ಲೋ ಮಲೆ ಮಹದೇಶ್ವರ ಬೆಟ್ಟದಲ್ಲೋ ಮುಡಿ ಕೊಡುವುದು ನಿಮ್ಮ ಮನೆಯ ಪದ್ಧತಿಯಾದರೆ ಅಗತ್ಯವಾಗಿ ಕೊಡಿ, ಅದರಿಂದ ಕೂದಲಿಗೆ ನಷ್ಟವಿಲ್ಲ. ಲಾಭವೂ ಇಲ್ಲ. ಕತ್ತಿ ಮುಟ್ಟುವುದು ಚರ್ಮದ ಹೊರಗಿರುವ ಎಳೆಯನ್ನು. ಕೂದಲನ್ನು ಹುಟ್ಟಿಸುವ ಬುಡ ಚರ್ಮದ ಕೆಲವು ಮಿಲಿಮೀಟರ್ ಆಳದಲ್ಲಿದೆ. ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲ ಎಂಬುದನ್ನು ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ.

ಆದರೂ ಜವಳದ ನಂತರ ದಟ್ಟವಾಗಿ ಬಂತು ಎಂದು ಅಜ್ಜಿಯರು ಹೇಳುವುದು ಸುಳ್ಳಲ್ಲ, ಅವರು ಕಣ್ಣಾರೆ ಕಂಡದ್ದು. ಅದಕ್ಕೆ ಎರಡು ಕಾರಣಗಳಿವೆ. ಎಂದೂ ಕತ್ತರಿಸದ ಕೂದಲಿನ ತುದಿ ಮೊನಚಾಗಿರುತ್ತದೆ; ಕತ್ತರಿಸಿದ ಮೇಲೆ ಬೆಳೆಯುವ ಎಳೆಯ ತುದಿ ಮೊಂಡಾಗಿ ಕೈಗೆ ಒರಟಾಗಿ, ಕಣ್ಣಿಗೆ ದಪ್ಪವಾಗಿ ತೋರುತ್ತದೆ. ಇನ್ನೊಂದು, ಸಮಯ. ಸಾಮಾನ್ಯವಾಗಿ ಜವಳ ತೆಗೆಸುವುದು ಒಂಬತ್ತು ಅಥವಾ ಹನ್ನೊಂದನೇ ತಿಂಗಳಲ್ಲಿ, ಇಲ್ಲವೇ ಒಂದು ಅಥವಾ ಮೂರನೇ ವರ್ಷದಲ್ಲಿ. ಹುಟ್ಟುಗೂದಲು ಹೋಗಿ ದಪ್ಪ ಕೂದಲು ತಾನಾಗಿಯೇ ಬರುವ ಕಾಲವೂ ಅದೇ. ಜವಳ ತೆಗೆಸದ ಮಗುವಿನ ತಲೆಯೂ ಆಗ ತುಂಬಿಕೊಳ್ಳುತ್ತದೆ. ಆದ್ದರಿಂದ ನಾಲ್ಕೂವರೆ ತಿಂಗಳಿಗೇ ಅವಸರ ಬೇಡ, ಕತ್ತು ಗಟ್ಟಿಯಾಗಿ ಮಗು ಕುಳಿತುಕೊಳ್ಳುವವರೆಗೆ ಕಾಯಿರಿ. ಬೋಳಿಸುವವರು ನಿಮ್ಮ ಕಣ್ಣೆದುರೇ ಹೊಸ ಬ್ಲೇಡು ಬಿಚ್ಚಲಿ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಹೆಪಟೈಟಿಸ್-ಬಿಯಂಥ ಸೋಂಕು ದಾಟಬಲ್ಲದು.

ಎಣ್ಣೆ ಹಚ್ಚಿ ಎರೆಯುವುದನ್ನು ಮುಂದುವರಿಸಿ. ಕೊಬ್ಬರಿ ಎಣ್ಣೆ ಚರ್ಮವನ್ನು ಮೃದುವಾಗಿಡುತ್ತದೆ, ಎಳೆಗಳು ತುಂಡಾಗುವುದನ್ನು ಸ್ವಲ್ಪ ತಡೆಯುತ್ತದೆ. ಹೊಸ ಕೂದಲನ್ನು ಅದು ಹುಟ್ಟಿಸುವುದಿಲ್ಲ. ತಲೆಯಲ್ಲಿ ಹಳದಿ ಜಿಡ್ಡಿನ ಹಕ್ಕಳೆ ಕಟ್ಟಿದ್ದರೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತಗಿನ ಬ್ರಷ್‌ನಿಂದ ಸಡಿಲಿಸಿ ತೊಳೆಯಿರಿ, ಉಗುರಿನಿಂದ ಕೆರೆದು ತೆಗೆಯಬೇಡಿ. ಈರುಳ್ಳಿ ರಸ, ಬೆಳ್ಳುಳ್ಳಿ, ಮೆಣಸಿನಂಥ ಖಾರದ ಮದ್ದುಗಳನ್ನು ಎಳೆಯ ಚರ್ಮಕ್ಕೆ ತಾಗಿಸಲೇಬಾರದು; ಅವುಗಳಿಂದ ಸುಟ್ಟ ಗಾಯವಾಗಿ, ಗಾಯ ಆಳವಾದರೆ ಕೂಪಗಳೇ ನಾಶವಾಗಿ, ಇಲ್ಲದ ಬೋಳನ್ನು ನಾವೇ ಶಾಶ್ವತವಾಗಿ ತಂದುಕೊಂಡಂತಾಗುತ್ತದೆ.

ಎಳೆಯ ಮಕ್ಕಳಲ್ಲಿ ನಾವು ಲಕ್ಷ್ಯ ಕೊಡಬೇಕಾದ ಕೂದಲಿನ ತೊಂದರೆಗಳೂ ಇವೆ, ಅವು ಗಂಡಸರ ಬೋಳುತನಕ್ಕಿಂತ ಬೇರೆಯೇ. ಹುಟ್ಟಿನಿಂದ ಒಂದು ಜಾಗದಲ್ಲಿ ಕೂದಲೇ ಇಲ್ಲದೆ ಚರ್ಮ ಕಾಗದದಂತೆ ತೆಳ್ಳಗಿದ್ದರೆ, ಗಾಯದ ಕಲೆಯಂತಿದ್ದರೆ ಅಥವಾ ಹಳದಿ ಕಿತ್ತಳೆ ಬಣ್ಣದ ನಯವಾದ ಮಚ್ಚೆಯಿದ್ದರೆ ಚರ್ಮವೈದ್ಯರು ನೋಡಬೇಕು. ಕಣತಲೆಯ ಮೇಲ್ಭಾಗದಲ್ಲಿ ತ್ರಿಕೋನಾಕಾರದ ಜಾಗವೊಂದರಲ್ಲಿ ನವಿರು ಮಾತ್ರ ಇರುವ ಮಕ್ಕಳಿದ್ದಾರೆ. ಉಳಿದ ಕೂದಲು ದಪ್ಪವಾದ ಮೇಲೆ, ಎರಡು ವರ್ಷದ ನಂತರ, ಅದು ತಂದೆ ತಾಯಿಯ ಕಣ್ಣಿಗೆ ಬೀಳುತ್ತದೆ, ಮತ್ತು ‘ಈಗಲೇ ಬೋಳು ಶುರುವಾಯಿತು’ ಎಂದು ಎದೆ ಒಡೆದುಕೊಂಡು ಓಡಿಬರುತ್ತಾರೆ. ಅದು ಜನ್ಮದತ್ತವಾದದ್ದು, ಇದ್ದಷ್ಟೇ ಇರುತ್ತದೆ, ಹರಡುವುದಿಲ್ಲ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ದುಂಡಗೆ ಹೊಟ್ಟೆದ್ದು ಕೂದಲು ಮುರಿದಿದ್ದರೆ ಅದು ಶಿಲೀಂಧ್ರದ ಸೋಂಕು, ಅಂದರೆ ಹುಳುಕಡ್ಡಿ. ಅದಕ್ಕೆ ಕೆಲವು ವಾರ ಬಾಯಿಯಿಂದ ಔಷಧ ಬೇಕಾಗುತ್ತದೆ, ಎಣ್ಣೆ ಮುಲಾಮುಗಳಿಂದ ಹೋಗುವುದಿಲ್ಲ.

ಕೂದಲಿನ ಜೊತೆಗೆ ಬೇರೆ ಲಕ್ಷಣ ಕೂಡಿದ್ದರೆ ಇನ್ನೂ ಬೇಗ ತೋರಿಸಬೇಕು. ಕೂದಲು ವಿರಳವಾಗಿದ್ದು, ಬೇಸಿಗೆಯಲ್ಲಿ ಬೆವರದೆ ಪದೇಪದೇ ಮೈ ಕಾವೇರುವುದು, ಹಲ್ಲು ಬಾರದಿರುವುದು ಅಥವಾ ಮೊನಚಾಗಿ ಬರುವುದು ಒಂದು ಬಗೆಯ ಜನ್ಮಜಾತ ತೊಂದರೆಯನ್ನು ಸೂಚಿಸುತ್ತದೆ. ಬಾಯಿ ಮತ್ತು ಗುದದ ಸುತ್ತ ಕೆಂಪು ಗಾಯ, ಭೇದಿ, ಕೂದಲು ಉದುರುವುದು ಮೂರೂ ಸೇರಿದರೆ ಸತುವಿನ ಕೊರತೆಯನ್ನು ನೋಡಬೇಕು. ಕೂದಲು ಉದುರುವುದರ ಜೊತೆ ಸೆಳವು, ಚರ್ಮದ ದದ್ದು, ಮೈ ಸಡಿಲವಾಗಿರುವುದು ಕಂಡರೆ ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆ ಇರಬಹುದು. ಬೇಗ ಗುರುತಿಸಿದರೆ ಬಯೋಟಿನ್ ಎಂಬ ವಿಟಮಿನ್ ಕೊಟ್ಟು ಮಗುವನ್ನು ಉಳಿಸಿಕೊಳ್ಳಬಹುದು. ಇವೆಲ್ಲ ಅಪರೂಪ, ಆದರೆ ಸಮಯಕ್ಕೆ ತಿಳಿಯಬೇಕಾದವು.

ನಿಮ್ಮ ಪತ್ರದಲ್ಲಿ ಇವುಗಳ ಯಾವ ಸುಳಿವೂ ಇಲ್ಲ. ಮಗು ಹಾಲು ಕುಡಿದು ತೂಕ ಏರುತ್ತಾ ಆಡಿಕೊಂಡಿದ್ದರೆ ಕೂದಲಿಗಾಗಿ ಯಾವ ಪರೀಕ್ಷೆಯೂ ಬೇಡ, ಯಾವ ಔಷಧವೂ ಬೇಡ. ಈಗ ಹಿಂದಲೆಯ ಒಂದು ಫೋಟೋ ತೆಗೆದಿಟ್ಟುಕೊಂಡು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಹೋಲಿಸಿ. ವರ್ಷ ತುಂಬಿದ ಮೇಲೂ ಅಲ್ಲಿ ಹೊಸ ಕೂದಲು ಬಂದಿರದಿದ್ದರೆ, ಅಥವಾ ಅದಕ್ಕೂ ಮುಂಚೆಯೇ ಹುಬ್ಬು ರೆಪ್ಪೆಗಳ ಕೂದಲೂ ಉದುರತೊಡಗಿದರೆ, ಮಗುವನ್ನು ಚರ್ಮವೈದ್ಯರಿಗೆ ತೋರಿಸಿ.